ಹೆಸರು ಮಲಗಿಸಿದ ಮೇಲೆ

ಇದನ್ನು ಬರೆಯುವುದನ್ನು ನಾನು ಬಹಳ ಕಾಲ ಮುಂದೂಡಿದ್ದೇನೆ. ಪ್ರತಿ ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸುವಾಗ, ಈ ಸಲ ಬರೆದೇ ತೀರುತ್ತೇನೆ ಅಂದುಕೊಳ್ಳುತ್ತಿದ್ದೆ. ಒಂದು ವರ್ಷ ಕಣ್ಣಿನ ಪೊರೆ ಅಡ್ಡ ಬಂತು. ಪೊರೆ ತೆಗೆಸಿದ ವರ್ಷ ಮೊಮ್ಮಗಳ ಮದುವೆ ಅಡ್ಡ ಬಂತು. ಮದುವೆಯೂ ಮುಗಿದ ಮೇಲೆ ಅಡ್ಡ ಬರಲು ಏನೂ ಉಳಿಯಲಿಲ್ಲ. ಆದರೂ ಎರಡು ಮಳೆಗಾಲ ಪೆನ್ನು ಮುಟ್ಟದೆ ಕಳೆದೆ.

ಇದರಲ್ಲಿ ಯಾರ ಹೆಸರೂ ಬರುವುದಿಲ್ಲ. ದೇಶದ ಹೆಸರೂ ಬರುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ.

ನಾನು ಅಂಕೋಲೆ ಕಡೆಯವನು. ಹೈಸ್ಕೂಲು ಮುಗಿಸಿದೆ, ಮುಂದೆ ಓದಲಿಲ್ಲ. ಕಾರವಾರದ ಒಂದು ದೊಡ್ಡ ಕಚೇರಿಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿ ಕೂದಲು ಬೆಳ್ಳಗಾಗಿಸಿಕೊಂಡೆ. ದೇಶದ ಎಲ್ಲ ಕಡೆಯ ಜನ ಅಲ್ಲಿ ಊಟಕ್ಕೆ ಬರುತ್ತಿದ್ದರಿಂದ ಹಿಂದಿ ಬಾಯಿಗೆ ಬಂತು, ಇಂಗ್ಲಿಷ್ ಕಿವಿಗೆ ಬಂತು. ನಿವೃತ್ತನಾಗಿ ಮನೆಯಲ್ಲಿ ಕೂತು ಹೆಂಡತಿಯ ಸಾರಿಗೆ ಉಪ್ಪು ಕಡಿಮೆ, ಹುಳಿ ಜಾಸ್ತಿ ಎಂದು ಹೇಳತೊಡಗಿದಾಗ ಅವಳೇ ಓಡಾಡಿ ನನಗೆ ಇನ್ನೊಂದು ಕೆಲಸ ಹುಡುಕಿದಳು. ಅಂಕೋಲೆಯಲ್ಲೇ ಸಮುದ್ರದ ಬದಿಗೆ, ಗಾಳಿಮರಗಳ ಸಾಲಿನ ಹಿಂದೆ ಒಂದು ಹಳೆಯ ಹೆಂಚಿನ ಮನೆ. ಅದನ್ನು ಕೊಂಡವರು ವಿದೇಶಾಂಗ ಇಲಾಖೆಯಲ್ಲಿದ್ದು ನಿವೃತ್ತರಾದ ಸಾಹೇಬರು. ಅವರ ತಾಯಿಮನೆ ಕಾರವಾರ. ಹಾಗಾಗಿ ನನ್ನೊಡನೆ ಕನ್ನಡ, ಮೀನಿನವರೊಡನೆ ಕೊಂಕಣಿ, ಫೋನಿನಲ್ಲಿ ಇಂಗ್ಲಿಷ್. ಅಡುಗೆ, ಮನೆಯ ಮೇಲ್ವಿಚಾರಣೆ ಎರಡೂ ನನ್ನ ಪಾಲಿಗೆ ಬಂದವು.

ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲೆ ಆ ಮನೆಯಲ್ಲಿ ನಾಲ್ಕು ದಿನ ಒಂದು ಸಭೆ ನಡೆಯುತ್ತಿತ್ತು. ಸುತ್ತಲಿನ ದೇಶಗಳಿಂದ ಹತ್ತು ಹನ್ನೆರಡು ಜನ ಬರುತ್ತಿದ್ದರು. ಬಹುಪಾಲು ಹಣ್ಣುಗೂದಲಿನವರು. ಒಂದು ಕಾಲಕ್ಕೆ ಯುದ್ಧದ ಹಡಗು ನಡೆಸಿದವರು, ರಾಯಭಾರಿಗಳಾಗಿದ್ದವರು, ಒಬ್ಬಿಬ್ಬರು ಕಾಲೇಜಿನಲ್ಲಿ ಪಾಠ ಹೇಳಿದವರು. ಅವರನ್ನು ಯಾವ ಸರ್ಕಾರವೂ ಕಳಿಸಿರಲಿಲ್ಲ. ಸರ್ಕಾರಗಳಿಗೆ ಗೊತ್ತಿಲ್ಲದೆ ಬಂದವರೂ ಅಲ್ಲ. ನೌಕಾನೆಲೆಯ ಊರಾದ್ದರಿಂದ ಪೊಲೀಸರು ಮೊದಲೇ ಬಂದು ಪಟ್ಟಿ ತೆಗೆದುಕೊಂಡು, ನನ್ನ ಕೈಯ ಚಹಾ ಕುಡಿದು ಹೋಗುತ್ತಿದ್ದರು. ಸಮುದ್ರದ ಗಡಿ, ಅದರಲ್ಲಿ ತಪ್ಪಿ ಆಚೆ ಹೋದ ಬೋಟುಗಳು, ಒಬ್ಬರ ಹಡಗು ಇನ್ನೊಬ್ಬರ ಹಡಗಿಗೆ ತೀರ ಹತ್ತಿರ ಬಂದರೆ ಯಾರು ಯಾರಿಗೆ ಫೋನು ಮಾಡಬೇಕು, ಇಂಥವು ಅವರ ಮಾತು.

ಮೊದಲ ವರ್ಷ ನಾನು ಸಾಹೇಬರನ್ನು ಕೇಳಿದ್ದೆ. "ಇವ್ರಿಗೆ ಯಾರಿಗೂ ಈಗ ಕುರ್ಚಿ ಇಲ್ಲ ಅಂತ್ರಿ. ಮತ್ತೆ ಇವ್ರು ಮಾತಾಡಿ ಎಂತಾ ಆಗೂದು?"

ಸಾಹೇಬರು ಮಾವಿನ ಮಿಡಿ ಕಡಿಯುತ್ತಿದ್ದರು. "ಬೇಲಿ ಜಗಳ ಆಗಿ ಎರಡು ಮನೆ ಗಂಡಸ್ರು ಮಾತು ಬಿಡ್ತಾರೆ ಅಂತಿಟ್ಕೋ. ಹಿತ್ಲಲ್ಲಿ ಹೆಂಗಸ್ರು ಏನ್ ಮಾಡ್ತಾರೆ?"

"ಕರಿಬೇವು ಕೇಳೂಕೆ ಹೋಗಿ ಮಾತಾಡ್ತಾರೆ."

"ಹಾಂ. ನಾವು ಕರಿಬೇವಿನವ್ರು ಮಾರಾಯ."

ಆ ಸಭೆಗೊಂದು ಪದ್ಧತಿ ಇತ್ತು. ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆ ಹೆಸರು ಬರೆದ ದಪ್ಪ ಕಾಗದ, ಮನೆಯ ಮಾಡಿನಂತೆ ಮಡಚಿ ನಿಲ್ಲಿಸಿದ್ದು. ಬೆಳಗಿನ ಹೊತ್ತು ಎಲ್ಲರೂ ತಮ್ಮ ತಮ್ಮ ದೇಶದ ಪಾಠ ಒಪ್ಪಿಸುತ್ತಿದ್ದರು. ಪೇಪರಿನಲ್ಲಿ ಓದುವಂಥದ್ದೇ. ಹನ್ನೊಂದರ ಚಹಾ ಆದ ಮೇಲೆ ಸಾಹೇಬರು ತಮ್ಮ ಹೆಸರಿನ ಕಾಗದವನ್ನು ಮೊದಲು ಮುಖ ಕೆಳಗೆ ಮಾಡಿ ಮಲಗಿಸುತ್ತಿದ್ದರು. ಉಳಿದವರೂ ಮಲಗಿಸುತ್ತಿದ್ದರು. ಅಲ್ಲಿಂದಾಚೆಗೆ ಆಡಿದ ಮಾತಿಗೆ ಒಡೆಯರಿಲ್ಲ. ಏನು ಹೇಳಿದರು ಎಂಬುದನ್ನು ಹೊರಗೆ ಒಯ್ಯಬಹುದು, ಯಾರು ಹೇಳಿದರು ಎಂಬುದನ್ನು ಒಯ್ಯುವ ಹಾಗಿಲ್ಲ. ನಿಜವಾದ ಮಾತು ಶುರುವಾಗುತ್ತಿದ್ದುದು ಆಗಲೇ. ಕೆಲವೊಮ್ಮೆ ನಗು, ಕೆಲವೊಮ್ಮೆ ಮೇಜು ಗುದ್ದುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು.

"ಕೆಟಲಿ ಹಿಡ್ಕೊಂಡು ಒಳಗೆ ಬರೋವ್ನಿಗೂ ಇದೇ ನಿಯಮ" ಎಂದು ಸಾಹೇಬರು ನನಗೆ ಮೊದಲೇ ಹೇಳಿದ್ದರು.

"ನಂಗೆ ಅಷ್ಟೆಲ್ಲ ಇಂಗ್ಲಿಷ್ ಎಲ್ಲಿ ತಿಳೀತದೆ ಸಾಹೇಬ್ರೆ."

"ತಿಳಿಯೂದಿಲ್ಲ ಅನ್ನೋನೇ ಹೆಚ್ಚು ಕೇಳಿಸ್ಕೊಳ್ಳೂದು" ಎಂದು ನಕ್ಕರು.

ಆ ಹೆಸರಿನ ಕಾಗದಗಳನ್ನು ಸಂಜೆ ಎತ್ತಿ, ಬೆಳಿಗ್ಗೆ ಕ್ರಮವಾಗಿ ನಿಲ್ಲಿಸುವ ಕೆಲಸವೂ ನನ್ನದೇ. ಅಕ್ಷರ ಕೂಡಿಸಿ ಓದುತ್ತ ಎಲ್ಲರ ಹೆಸರೂ ನನಗೆ ಬಾಯಿಪಾಠವಾಗಿತ್ತು.

ಈಗ ಮೀನಿನ ತಂಗಿಯ ವಿಷಯ ಹೇಳಬೇಕು. ದಿನಾ ಬೆಳಿಗ್ಗೆ ಎಂಟಕ್ಕೆ ಅವಳು ಬುಟ್ಟಿ ಹೊತ್ತು ಹಿಂಬಾಗಿಲಿಗೆ ಬರುತ್ತಿದ್ದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಮನೆಮಾತು ಕೊಂಕಣಿ, ನನ್ನೊಡನೆ ಕನ್ನಡ. ನನಗೆ ಒಡಹುಟ್ಟಿದ ತಂಗಿಯರಿಲ್ಲ. ಇವಳು ಮೊದಲ ದಿನವೇ ಅಣ್ಣಾ ಎಂದವಳು, ಹಾಗೆ ಎಂದು ಹತ್ತು ನಿಮಿಷದಲ್ಲಿ ನನಗೆ ಹಿಂದಿನ ದಿನದ ಮೀನು ದಾಟಿಸಲು ನೋಡಿದ್ದಳು.

"ಕಿವಿ ಎತ್ತಿ ತೋರ್ಸು" ಎಂದೆ. ಮೀನಿನ ಕಿವಿಯೊಳಗೆ ಕೆಂಪಿದ್ದರೆ ತಾಜಾ.

"ಅಣ್ಣಾ, ನಿಮ್ಗೆ ಹೆಣ್ಣು ನೋಡೂಕೆ ಹೋದಾಗ್ಲೂ ಕಿವಿ ಎತ್ತಿ ನೋಡಿದ್ರೋ?"

ಒಳಗಿದ್ದ ಸಾಹೇಬರು ಕೇಳಿಸಿಕೊಂಡು ಗಟ್ಟಿಯಾಗಿ ನಕ್ಕರು. ಅಲ್ಲಿಂದ ಅವಳು ಆ ಮನೆಯ ಮನುಷ್ಯಳಾದಳು.

ಅವಳ ಗಂಡ ದೂರದ ಬಂದರಿನ ಬೋಟಿನಲ್ಲಿ ಖಲಾಸಿ. ಯಾವ ಬಂದರು ಎಂದರೆ ಯಾವ ದೇಶ ಎಂದು ಗೊತ್ತಾಗಿಬಿಡುತ್ತದೆ, ಹಾಗಾಗಿ ಹೇಳುವುದಿಲ್ಲ. ಎಂಜಿನ್ನು ಕೆಟ್ಟು ಬೋಟು ಎರಡು ದಿನ ಗಾಳಿಗೆ ಸಿಕ್ಕು ತೇಲಿತು. ನೀರಿನ ಮೇಲೆ ಗೆರೆ ಕಾಣುವುದಿಲ್ಲ. ನೆರೆದೇಶದ ಕಾವಲು ಹಡಗು ಬಂದು ಎಲ್ಲರನ್ನೂ ಹಿಡಿದು ಒಯ್ದಿತು. ಗಡಿ ದಾಟಿ ಮೀನು ಹಿಡಿಯಲು ಬಂದರು ಎಂದು ಜೈಲು. ಒಂದೇ ಒಂದು ಪತ್ರ ಬಂದಿತ್ತು. ನಾನೇ ಅವಳಿಗೆ ಓದಿ ಹೇಳಿದ್ದೆ. ಅವ್ವ ಹೇಗಿದ್ದಾಳೆ ಎಂದು ಅದರಲ್ಲಿ ಮೂರು ಕಡೆ ಬರೆದಿದ್ದ. ಆ ಅವ್ವ, ತಂಗಿಯ ಅತ್ತೆ, ಮೆಟ್ಟಿಲ ಮೇಲೆ ಕೂತು ಬಂದವರನ್ನೆಲ್ಲ ಕೇಳುತ್ತಿದ್ದಳು: "ಅಂವ ಬಂದ್ನೇ?"

ಮೂರನೆಯ ವರ್ಷದ ಸಭೆಗೆ ಆ ನೆರೆದೇಶದಿಂದಲೇ ಒಬ್ಬರು ಬಂದರು. ಎಪ್ಪತ್ತೈದು ದಾಟಿದವರು, ಅಲ್ಲಿನ ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ತಂಗಿ ಅವರಿಗೆ ಹಡಗಿನ ಅಜ್ಜ ಎಂದು ಹೆಸರಿಟ್ಟಳು. ನಾನೂ ಹಾಗೇ ಬರೆಯುತ್ತೇನೆ. ಅವರನ್ನು ಕರೆತರಲು ಗೋವೆಯ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ನಾನೂ ಹೋಗಿದ್ದೆ. ಬರುವಾಗ ಸದಾಶಿವಗಡದಲ್ಲಿ ಕಾರು ನಿಲ್ಲಿಸಲು ಹೇಳಿದರು. ಕಾಳಿ ನದಿ ಸಮುದ್ರ ಸೇರುವುದನ್ನು, ದೋಣಿಯಲ್ಲಿ ಬಲೆ ಬಿಡಿಸುವವರನ್ನು ನೋಡುತ್ತ ತುಂಬ ಹೊತ್ತು ನಿಂತರು. "ಈ ದಡವನ್ನು ನಾನು ನಕಾಶೆಯಲ್ಲಿ ಮಾತ್ರ ನೋಡಿದ್ದೆ. ಅದರಲ್ಲಿ ಮನುಷ್ಯರನ್ನು ಬರೆದಿರಲಿಲ್ಲ" ಎಂದರು.

ಕಾರವಾರ ದಾಟಿ ಅಂಕೋಲೆಯ ಕಡೆ ಬರುವಾಗ ರಸ್ತೆಯ ಪಕ್ಕ ನೌಕಾನೆಲೆಯ ಗೋಡೆ ಉದ್ದಕ್ಕೂ ಸಿಗುತ್ತದೆ. ಅದು ಶುರುವಾದದ್ದೇ ಅಜ್ಜ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದರು.

"ಸಾಬ್, ಮೈ ಸರಿ ಇಲ್ವಾ?" ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದೆ.

"ನಾನು ನಿದ್ದೆ ಮಾಡುತ್ತಿದ್ದೇನೆ. ಗೋಡೆ ಮುಗಿದ ಮೇಲೆ ಎಬ್ಬಿಸು. ನೆರೆಮನೆಗೆ ಹೋದಾಗ ಮಲಗುವ ಕೋಣೆಯೊಳಗೆ ಇಣುಕಬಾರದು ಎಂದು ನನ್ನ ತಾಯಿ ಹೇಳಿಕೊಟ್ಟಿದ್ದಾಳೆ."

ಗೋಡೆ ಮುಗಿದ ಮೇಲೆ ಎಬ್ಬಿಸಿದೆ. ಆಗಲೇ ನನಗೆ ಅವರು ಇಷ್ಟವಾಗಿಬಿಟ್ಟರು.

ಮರುದಿನ ಬೆಳಿಗ್ಗೆ ಮಸಾಲೆ ಅರೆಯುವ ವಾಸನೆಗೆ ಅವರು ಅಡುಗೆಮನೆಗೇ ಬಂದರು. ಕಾಯಿ ಹೆರೆಯುವ ಮಣೆ ನೋಡಿ, ತಮ್ಮ ಮನೆಯಲ್ಲೂ ಇಂಥದೇ ಇತ್ತೆಂದು, ಮೊಣಕಾಲು ಹಿಡಿದುಕೊಂಡು ಅದರ ಮೇಲೆ ಕೂತರು. ಎರಡು ಕಾಯಿ ಹೆರೆದರು. ಏಳಲು ಆಗಲಿಲ್ಲ. ನಾನು ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತಿರುವಾಗ ತಂಗಿ ಬುಟ್ಟಿ ಇಳಿಸಿದಳು. ಬಂದವರು ಯಾವ ದೇಶದವರು ಎಂದು ಪಿಸುಮಾತಿನಲ್ಲಿ ಕೇಳಿದಳು. ಹೇಳಿದೆ. ಅವಳ ಕೈ ಬುಟ್ಟಿಯ ಅಂಚಿನ ಮೇಲೇ ನಿಂತಿತು.

"ನಮ್ಮನೆಯವ್ರು ಇರೂದು ಅಲ್ಲೇ ಅಲ್ವಾ ಅಣ್ಣಾ?"

"ಹೌದು."

"ಕೇಳು ಇವ್ರನ್ನ. ಜೈಲಲ್ಲಿ ಮೀನ ಕೊಡ್ತ್ರೋ ಇಲ್ವೋ."

ನಾನು ನಡುವೆ ನಿಂತು ಆ ಕಡೆ ಈ ಕಡೆ ಮಾತು ದಾಟಿಸಿದೆ. ಅಜ್ಜ ಸುಳ್ಳು ಹೇಳಲಿಲ್ಲ. ಬೇಳೆ, ರೊಟ್ಟಿ ಕೊಡುತ್ತಾರೆ, ಮೀನು ಅಪರೂಪ ಎಂದರು. ಅವಳು ಬುಟ್ಟಿಯ ತಳಕ್ಕೆ ಕೈಹಾಕಿ, ಯಾರಿಗೋ ತೆಗೆದಿಟ್ಟಿದ್ದ ಎರಡು ದಪ್ಪ ಬಂಗಡೆ ತೆಗೆದು ತಾಟಿಗೆ ಹಾಕಿದಳು.

"ಇದು ಈ ಅಜ್ಜಂಗೆ. ಜುಮ್ಮನಕಾಯಿ ಹಾಕಿ ಸರಿ ಮಾಡು. ಹೊಟ್ಟೆ ತುಂಬಿದ ಬಾಯಿಂದ ನಾಲ್ಕು ಒಳ್ಳೆ ಮಾತು ಬಂದ್ರೂ ಬಂತು."

ಅವಳು ಹೇಳಿದ್ದನ್ನು ನಾನು ಅರ್ಧ ಮಾತ್ರ ದಾಟಿಸಿದೆ. ಅಜ್ಜನಿಗೆ ಪೂರ್ತಿ ತಿಳಿದಿತ್ತು ಅಂತ ಕಾಣುತ್ತದೆ. ಆ ದಿನ, ನಾಲಿಗೆ ಜುಮ್ಮೆನ್ನಿಸುವ ಆ ಕಾಡುಕಾಯಿ ಹಾಕಿದ ಬಂಗಡೆ ಸಾರನ್ನು ಎರಡು ಸಲ ಹಾಕಿಸಿಕೊಂಡರು. ಮುಳ್ಳನ್ನು ತಾಟಿನ ಬದಿಗೆ ಸಾಲಾಗಿ ಜೋಡಿಸಿಟ್ಟರು. ಮೀನಿನ ಊರಿನವರು ಮಾತ್ರ ಹಾಗೆ ತಿನ್ನುತ್ತಾರೆ.

ಮೂರನೆಯ ದಿನ ಹನ್ನೊಂದರ ಚಹಾದ ನಂತರ ಹೆಸರು ಮಲಗಿಸಿದರು. ನಾನು ಎರಡನೆಯ ಸುತ್ತಿನ ಚಹಾ ಹಿಡಿದು ಒಳಗಿದ್ದೆ. ಹಿಡಿದಿಟ್ಟ ಮೀನುಗಾರರ ಮಾತು ನಡೆದಿತ್ತು. ನಮ್ಮ ಕಡೆಯವರೊಬ್ಬರು, ನಿಮ್ಮವರು ಬೇಕೆಂದೇ ಹಿಡಿಯುತ್ತಾರೆ ಎಂದರು. ನಿಮ್ಮವರೂ ಹಾಗೇ ಎಂದು ಇನ್ನೊಬ್ಬರು. ಆಗ ಅಜ್ಜ ಎದ್ದು ನಿಂತರು. ಕೂತು ಹೇಳುವ ಮಾತಲ್ಲ ಎಂದುಕೊಂಡರೋ ಏನೋ.

ತಾವು ಹಡಗಿನಲ್ಲಿದ್ದಾಗ ಇಂಥ ಬೋಟು ತಾವೇ ಹಿಡಿದದ್ದುಂಟು ಎಂದರು. ಎಂಜಿನ್ನು ಕೆಟ್ಟು ನಿಂತದ್ದು ಕಣ್ಣಿಗೆ ಕಾಣುತ್ತಿತ್ತು. ಎಂಜಿನ್ನು ಓಡುತ್ತಿತ್ತು ಎಂದು ಹಡಗಿನ ದಿನಚರಿ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ, ಮೇಲಿನವರಿಗೆ ಅದೇ ಬೇಕಾಗಿತ್ತು ಎಂದರು. ಆ ಖಲಾಸಿಗಳ ಮುಖ ಈಗಲೂ ನೆನಪಿದೆಯಂತೆ. ಕೊನೆಗೆ ಒಂದು ಮಾತು ಸೇರಿಸಿದರು. ಈಗ ಜೈಲಿನಲ್ಲಿರುವವರ ಬಿಡುಗಡೆಯ ಪಟ್ಟಿ ನೋಡುವ ಅಧಿಕಾರಿ ನನ್ನ ಕೈಕೆಳಗೆ ಕೆಲಸ ಕಲಿತವನು. ಊರಿಗೆ ಹೋಗಿ ಅವನ ಮನೆಯಲ್ಲಿ ಊಟಕ್ಕೆ ಕೂತು ಕೇಳುತ್ತೇನೆ. ಕೆಟ್ಟ ಎಂಜಿನ್ನಿನ ಬೋಟಿನವರನ್ನು ಮೊದಲ ಪಟ್ಟಿಯಲ್ಲೇ ಸೇರಿಸು ಎನ್ನುತ್ತೇನೆ. ನನ್ನ ಮಾತು ತೆಗೆದುಹಾಕುವುದಿಲ್ಲ. ಎರಡು ತಿಂಗಳು ಸಾಕು. "ಆದರೆ ನನ್ನ ಹೆಸರು ಹೊರಗೆ ಬಂದರೆ ಅವನು ನನಗೆ ಬಾಗಿಲು ತೆಗೆಯಲಾರ" ಎಂದು ಹೇಳಿ ಕೂತರು.

ನಾನು ಅವರ ಕಪ್ಪಿಗೆ ಚಹಾ ಹಾಕಿದೆ. ಸ್ವಲ್ಪ ಚಹಾ ಮಲಗಿಸಿದ ಕಾಗದದ ಮೇಲೆ ಚೆಲ್ಲಿತು.

ಮರುದಿನ ಬೆಳಿಗ್ಗೆ ತಂಗಿಗೆ ಹೇಳದೆ ಇರಲು ನನ್ನಿಂದಾಗಲಿಲ್ಲ. ಅದನ್ನು ತಪ್ಪು ಎಂದು ಇವತ್ತಿಗೂ ಪೂರ್ತಿ ಒಪ್ಪಲಾರೆ. "ಹೋಳಿ ಸುಗ್ಗಿಗೆ ಮೊದ್ಲು ಬಂದ್ರೂ ಬಂದ. ಯಾರ ಹತ್ರನೂ ಬಾಯಿ ಬಿಡ್ಬೇಡ" ಎಂದೆ. ಯಾರು ಹೇಳಿದ್ದು ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಅತ್ತಿ ಜೀವ ಹಿಡ್ಕಂಡು ಕೂತದೆ ಅಣ್ಣಾ. ಅದಕ್ಕೊಂದು ಹೇಳ್ತೆ" ಎಂದು ಹೋದಳು. ಬುಟ್ಟಿಯನ್ನು ಅಲ್ಲೇ ಮರೆತು ಅರ್ಧ ದಾರಿಯಿಂದ ತಿರುಗಿ ಬಂದಳು.

ತಪ್ಪು ನಡೆದದ್ದು ಅದೇ ದಿನ ಮಧ್ಯಾಹ್ನ. ಅತಿಥಿಗಳನ್ನು ಕಾರುಗಳಿಗೆ ಹತ್ತಿಸಿ ಕಳಿಸಿದ ಮೇಲೆ ನಾನು ಬಾಳೆಗುಳಿಗೆ ಹೋಗಿದ್ದೆ. ಬಾಡಿಗೆಗೆ ತಂದ ಪಾತ್ರೆಗಳನ್ನು ಹಿಂದಿರುಗಿಸಬೇಕಿತ್ತು. ಕ್ರಾಸಿನ ಚಹಾದಂಗಡಿಯಲ್ಲಿ ನನ್ನ ಹೈಸ್ಕೂಲಿನ ಜೊತೆಗಾರ ಸಿಕ್ಕಿದ. ಅವನು ಪೇಪರಿಗೆ ಊರ ಸುದ್ದಿ ಬರೆದು ಕಳಿಸುತ್ತಿದ್ದ. ಪರೀಕ್ಷೆಯಲ್ಲಿ ಯಾವಾಗಲೂ ನನಗಿಂತ ಮುಂದಿದ್ದವನು, ಅದನ್ನು ಮರೆಯಲು ಬಿಡದವನು.

"ಏನಾ, ವಿದೇಶಾಂಗ ಮಂತ್ರಿಗಳು ಪಾತ್ರೆ ಹೊತ್ಕಂಡು ಹೊರಟ್ರು?"

"ನಿಂಗೆ ಗೊತ್ತಿಲ್ದ ವಿಷಯ ಸುಮ್ನೆ ಮಾತಾಡ್ಬೇಡ" ಎಂದೆ.

"ಗೊತ್ತಿಲ್ದೆ ಎಂತಾ? ಅವ್ರು ತಿಂತ್ರು, ನೀ ಬಡಿಸ್ತೆ. ಅಲ್ಲಿ ಏನ್ ಮಾತಾಡ್ತ್ರು ಅಂತ ನಿಂಗೆ ಒಂದಕ್ಷರ ತಿಳೀತದ್ಯಾ? ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ ಎಷ್ಟಾ ಬಂದಿತ್ತು ನಿಂಗೆ?"

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಅಷ್ಟು ಸಾಕಾಯಿತು. ನನಗೆ ತಿಳಿಯುತ್ತದೆ ಎಂದು ತೋರಿಸಲು ಅಜ್ಜ ಹೇಳಿದ್ದನ್ನೆಲ್ಲ ಹೇಳಿದೆ. ದಿನಚರಿ ಪುಸ್ತಕದ ಮಾತು, ಅಧಿಕಾರಿಯ ಮನೆಯ ಊಟದ ಮಾತು. ಹೆಸರೇನು ಎಂದ. ಹೆಸರನ್ನೂ ಹೇಳಿದೆ. ಇಂಗ್ಲಿಷಿನಲ್ಲಿ ಯಾವ ಅಕ್ಷರದ ಮುಂದೆ ಯಾವ ಅಕ್ಷರ ಎಂಬುದನ್ನೂ ಹೇಳಿದೆ. ಅವನು ಬರೆದುಕೊಂಡ. ನನ್ನ ಇಂಗ್ಲಿಷ್ ಮೆಚ್ಚಿ ಬರೆದುಕೊಂಡ ಎಂದೇ ನಾನು ಎಣಿಸಿದ್ದೆ.

ಮೊದಲು ನಮ್ಮ ಕಡೆಯ ಪೇಪರಿನಲ್ಲಿ ಸಣ್ಣದಾಗಿ ಬಂತು. ವಾರದೊಳಗೆ ಅದು ಫೋನುಗಳಲ್ಲಿ ಹಾರಿ ಹಾರಿ ಎಲ್ಲೆಲ್ಲೋ ಹೋಯಿತು. ಎಂಜಿನ್ನು ಕೆಟ್ಟ ಬೋಟು ಹಿಡಿದು ಸುಳ್ಳು ಬರೆದೆ ಎಂದು ಒಪ್ಪಿಕೊಂಡ ನೆರೆದೇಶದ ಅಧಿಕಾರಿ, ಅವನ ಪೂರ್ತಿ ಹೆಸರು. ಅಲ್ಲಿ ಅಜ್ಜನನ್ನು ಕರೆಸಿ ದಿನಗಟ್ಟಲೆ ಕೂರಿಸಿದರಂತೆ. ಊರು ಬಿಡಬಾರದೆಂದು ಹೇಳಿದರಂತೆ. ಪಟ್ಟಿ ನೋಡುವ ಆ ಅಧಿಕಾರಿ ಬಾಗಿಲು ತೆಗೆಯಲಿಲ್ಲ. ಬಿಡುಗಡೆಯ ಪಟ್ಟಿ ಬಂದಾಗ ಅದರಲ್ಲಿ ನಮ್ಮ ಕಡೆಯ ಬೋಟಿನವರು ಯಾರೂ ಇರಲಿಲ್ಲ.

ಸಾಹೇಬರು ನನ್ನನ್ನು ಜಗಲಿಗೆ ಕರೆದರು. ಪೇಪರು ಅವರ ತೊಡೆಯ ಮೇಲಿತ್ತು. ಮುಖ ಒಂದೇ ವಾರದಲ್ಲಿ ಇಳಿದಿತ್ತು.

"ಸುಗ್ಗಿಗೆ ಮೊದಲು ಗಂಡ ಬರ್ತಾನೆ ಅಂತ ಅವಳು ಮೀನು ಮಾರ್ಕೆಟಿನಲ್ಲಿ ಹೇಳ್ಕೊಂಡು ತಿರುಗಿದಾಳಂತೆ" ಎಂದರು. "ಹಿಂಬಾಗಿಲಲ್ಲಿ ಕೂತು ಕೇಳಿಸ್ಕೊಂಡಿರ್ಬೇಕು. ಅಲ್ಲಿಂದ ಪೇಪರಿನವ್ರಿಗೆ ಹೋಗಿದೆ. ಅಲ್ವಾ?"

ಅವಳಿಗೆ ಇಂಗ್ಲಿಷಿನ ಒಂದಕ್ಷರ ಬರುವುದಿಲ್ಲ ಎಂಬುದು ಸಾಹೇಬರಿಗೆ ಆ ಬೇಸರದಲ್ಲಿ ನೆನಪಾಗಲಿಲ್ಲ. ನನಗೆ ನೆನಪಿತ್ತು.

"ಇರ್ಬಹುದು ಸಾಹೇಬ್ರೆ" ಎಂದೆ.

ಇದನ್ನು ಹೇಳಲೆಂದೇ ನಾನು ಬರೆಯಲು ಕೂತದ್ದು. ಉಳಿದದ್ದೆಲ್ಲ ಇದರ ಹಿಂದು ಮುಂದು. ಬಾಳೆಗುಳಿಯಲ್ಲಿ ಆಡಿದ್ದು ಮೂರ್ಖತನ, ಜಗಲಿಯಲ್ಲಿ ಆಡಿದ್ದು ಹಾಗಲ್ಲ. ಯೋಚಿಸಲು ಅಲ್ಲಿ ನನಗೆ ಬೇಕಾದಷ್ಟು ಹೊತ್ತಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುವವರೆಗೂ ಇತ್ತು.

ಇನ್ನು ಅವಳು ಈ ಮನೆಗೆ ಬರುವುದು ಬೇಡ ಎಂದು ಹೇಳಲು ನನ್ನನ್ನೇ ಕಳಿಸಿದರು. ಗೇಟಿನ ಹತ್ತಿರ ಅವಳನ್ನು ತಡೆದೆ. ಬುಟ್ಟಿ ತಲೆಯ ಮೇಲೇ ಇತ್ತು. ಕೇಳಿ ಅವಳು ಬೈಯಲಿಲ್ಲ. ಸ್ವರ ತಗ್ಗಿಸಿ ನನಗೇ ಸಮಾಧಾನ ಹೇಳಿದಳು.

"ಹೆದ್ರಬೇಡ ಅಣ್ಣಾ. ನಿನ್ನ ಹೆಸ್ರು ನಾ ಯಾರ ಹತ್ರನೂ ಹೇಳ್ಲಿಲ್ಲ. ಅತ್ತಿಗೆ ಹೇಳ್ದೆ, ಅತ್ತಿ ಊರಿಗೆ ಸಾರ್ತು. ಆ ಪೇಪರಿನವ ಬಂದು ನಿಂಗೆ ಯಾರ್ ಹೇಳಿದ್ರು ಅಂತ ಕೇಳ್ದ. ಸಾಹೇಬ್ರೂ ಮನುಷ್ಯರ ಹತ್ರ ಕೇಳ್ಸಿದ್ರು. ನಂಗೆ ಕನಸು ಬಿದ್ದಿತ್ತು ಅಂದೆ."

ಏನು ಹೇಳಿದರು ಎಂಬುದು ಹೊರಗೆ ಹೋಗಿತ್ತು, ಯಾರು ಹೇಳಿದರು ಎಂಬುದನ್ನು ಅವಳು ಹೋಗಲು ಬಿಟ್ಟಿರಲಿಲ್ಲ. ಆ ಮೇಜಿನ ಸುತ್ತ ಒಮ್ಮೆಯೂ ಕೂರದವಳು. ಪೇಪರಿನವನಿಗೆ ಹೆಸರು ಕೊಟ್ಟವನು ನಾನೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೇಟು ಹಾಕಿಕೊಂಡು ಒಳಗೆ ಬಂದೆ. ಆ ದಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಪ್ರಾಯಶ್ಚಿತ್ತ ಎಂದುಕೊಂಡೇ ಮಾಡಿದೆ. ಅವಳ ಗಂಡನ ಸಲುವಾಗಿ ಅರ್ಜಿ ಬರೆದೆ. ಕಾರವಾರದ ಕಚೇರಿಗಳಿಗೆ, ದೆಹಲಿಗೆ, ಎಲ್ಲೆಲ್ಲಿಗೆ ಬರೆಯಲು ಆಗುತ್ತದೋ ಅಲ್ಲಿಗೆಲ್ಲ. ತಿಂಗಳಿಗೊಮ್ಮೆ ಇಬ್ಬರೂ ಬಸ್ಸಿನಲ್ಲಿ ಕಾರವಾರಕ್ಕೆ ಹೋಗುತ್ತಿದ್ದೆವು. ಅವಳಿಗೆ ಓದು ಬರುವುದಿಲ್ಲ. ಆದರೆ ಓದಿ ಹೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಕೂತು, "ಓದಿ ಹೇಳು ಅಣ್ಣಾ, ಮೊದ್ಲಿಂದ" ಎನ್ನುವಳು. ಓದುವೆ. ನಡುವೆ ತಡೆಯುವಳು.

"ಬಡ ಮೀನುಗಾರ ಅಂತ ಯಾಕೆ ಬರ್ದೆ? ನಮ್ಮನೆಯವ್ರು ಬಡವ ಅಂದ್ರೆ ಸಿಟ್ಟು ಮಾಡ್ತ್ರು. ಬರೀ ಮೀನುಗಾರ ಅಂತ ಬರಿ."

ಹೊಡೆದುಹಾಕಿ ಮತ್ತೆ ಓದುವೆ. ಆಮೇಲೆ ಹೆಬ್ಬೆಟ್ಟು. ಬೆರಳಿನ ಶಾಯಿಯನ್ನು ನನ್ನ ಅಂಗಿಯ ತುದಿಗೆ ಒರೆಸಿ ನಗುವಳು. ಬರುವಾಗ ಬಸ್ಸಿನಲ್ಲಿ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುವಳು. ನನ್ನ ಹಲ್ಲು ಆಗಲೇ ಸಡಿಲಾಗಿದ್ದವು. ಅದಕ್ಕೆಂದು ಮೆತ್ತಗಿನದನ್ನೇ ಆರಿಸುವಳು.

ಎರಡನೆಯ ಮಳೆಗಾಲದಲ್ಲಿ ಅವಳ ಅತ್ತೆ ತೀರಿಕೊಂಡಳು. ಮಗ ಊರಲ್ಲಿಲ್ಲದ್ದರಿಂದ ಆ ಮುದುಕಿಯ ಮೈದುನನ ಮಗ ಬೆಂಕಿ ಇಟ್ಟ. ನಾನು ಕೊಡೆ ಹಿಡಿದು ನಿಂತಿದ್ದೆ. ಅಜ್ಜ ಆ ಊಟಕ್ಕೆ ಕೂತಿದ್ದರೆ ಮಗ ಒಂದೂವರೆ ವರ್ಷ ಮೊದಲೇ ಬಂದಿರುತ್ತಿದ್ದನೇ? ಖಂಡಿತ ಎಂದು ಯಾರೂ ಹೇಳಲಾರರು. ಬರುತ್ತಿರಲಿಲ್ಲ ಎಂದು ಹೇಳಲು ನನಗೆ ಬಾಯಿಲ್ಲ.

ಅದೇ ವರ್ಷ ಚಳಿಯಲ್ಲಿ ಅವನು ಬಂದ. ಕಾರವಾರದ ರೈಲು ನಿಲ್ದಾಣದಲ್ಲಿ ಅವಳು ಅವನನ್ನು ನೋಡಿ ಮೊದಲು ಹೇಳಿದ್ದು, "ಎಷ್ಟು ಸಣ್ಣ ಆಗಿದ್ರಿ, ಬೇಳೆನೂ ಸರಿ ಕೊಡ್ಲಿಲ್ವಾ" ಎಂದು. ಆಮೇಲೆ ಅವನನ್ನು ನನ್ನ ಕಡೆ ತಿರುಗಿಸಿ, "ಈ ಅಣ್ಣನ ಕಾಲು ಮುಟ್ಟಿ. ಇಂವ ಇಲ್ದಿದ್ರೆ ನೀವು ಬರ್ತಿರ್ಲಿಲ್ಲ" ಎಂದಳು. ಅವನು ಬಗ್ಗಿದ. ನಾನು ತಡೆಯಲಿಲ್ಲ. ತಡೆದರೆ ಕಾರಣ ಹೇಳಬೇಕಾಗುತ್ತಿತ್ತು.

ಸಾಹೇಬರ ಮನೆಯಲ್ಲಿ ಮತ್ತೆ ಸಭೆ ನಡೆಯಲಿಲ್ಲ. ಕರೆದರೂ ಯಾರೂ ಬರುವ ಹಾಗಿರಲಿಲ್ಲ. ಮಗಳ ಊರಿಗೆ ಹೋಗಲು ಮನೆ ಖಾಲಿ ಮಾಡುವ ದಿನ ಸಾಹೇಬರಿಗೆ ಎಲ್ಲ ಹೇಳಿದೆ. ಕಟ್ಟಿಟ್ಟ ಪುಸ್ತಕದ ಪೆಟ್ಟಿಗೆಯ ಮೇಲೆ ಕೂತು ಕೇಳಿದರು. "ಅವಳಿಗೆ ಹೇಳಿದ್ಯಾ?" ಎಂದರು. ಇಲ್ಲ ಎಂದೆ. "ನನ್ನ ಹತ್ರ ಮೊದಲು ಬಂದದ್ದೇ ತಪ್ಪು ಮಾರಾಯ" ಎಂದರು. ಆದರೂ ಹೊರಡುವಾಗ ಅಜ್ಜನ ಫೋನು ನಂಬರು ಬರೆದುಕೊಟ್ಟರು.

ಅಜ್ಜನಿಗೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಹದಿನೈದು ದಿನದ ಮೇಲೆ ಅವರ ದನಿಯೇ ಬಂತು, ಫೋನಿನಲ್ಲಿ ಹಿಡಿದು ಕಳಿಸಿದ್ದು. ಉಸಿರು ಕಟ್ಟುತ್ತಿತ್ತು. ನನ್ನ ಹೆಸರು ಹೇಳಿ ಕರೆದರು. ತಾನು ಬರೆದ ಸುಳ್ಳಿನಿಂದ ಎಷ್ಟು ಜನ ಜೈಲಿಗೆ ಹೋದರೋ, ಅವರಲ್ಲಿ ಒಬ್ಬರ ಮನೆಗಾದರೂ ಹೋಗಿ ಹೇಳುವ ಧೈರ್ಯ ತನಗೆ ಬರಲಿಲ್ಲ ಎಂದರು. ನಿನ್ನ ಆ ಮೀನಿನವಳು ಹಿತ್ತಲ ಬಾಗಿಲಿಗೇ ಬರುತ್ತಾಳೆ, ನಿನಗೆ ಅಷ್ಟು ದೂರ ಇಲ್ಲ ಎಂದರು. ಕೊನೆಗೆ, ಆ ಸಾರಿಗೆ ಹಾಕಿದ ಕಾಯಿಯ ಹೆಸರೇನು, ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಕೇಳಿದರು. ಜುಮ್ಮನಕಾಯಿ ಎಂದು ಬರೆದು ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಅವರು ಹೋದ ಸುದ್ದಿ ಸಾಹೇಬರಿಂದ ತಿಳಿಯಿತು.

ನನ್ನ ಹೆಂಡತಿಗೂ ಹೇಳಿದ್ದೇನೆ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ನೀವೇ ಹೇಳ್ತ್ರೋ, ನಾ ಹೇಳ್ಬೇಕೋ" ಎಂದಳು. ನಾನೇ ಹೇಳುತ್ತೇನೆ ಎಂದೆ. ಅದಕ್ಕೂ ಈಗ ವರ್ಷಗಳಾದವು. ಅವಳು ಮತ್ತೆ ಕೇಳುವುದಿಲ್ಲ. ಬುಟ್ಟಿ ಬಂದಾಗ ಮಾತ್ರ ನನ್ನ ಮುಖ ನೋಡಿ ಒಳಗೆ ಹೋಗುತ್ತಾಳೆ.

ಬುಟ್ಟಿ ಈಗ ನಮ್ಮ ಮನೆಗೇ ಬರುತ್ತದೆ. ತಂಗಿಯ ಕೂದಲೂ ನರೆತಿದೆ. ಗಂಡ ದೂರದ ಬೋಟಿಗೆ ಹೋಗುವುದನ್ನು ಬಿಟ್ಟು ಇಲ್ಲೇ ದಡದಲ್ಲಿ ಬಲೆ ರಿಪೇರಿ ಮಾಡುತ್ತಾನೆ. ನನ್ನ ಪಾಲಿನ ಮೀನನ್ನು ಅವಳೇ ಆರಿಸುತ್ತಾಳೆ, ನಾನು ಕಿವಿ ಎತ್ತಿ ನೋಡುವುದನ್ನು ಬಿಟ್ಟಿದ್ದೇನೆ. ಮೊನ್ನೆ ಈ ಹಾಳೆಗಳು ಜಗಲಿಯ ಮೇಲಿದ್ದವು. ಒದ್ದೆ ಕೈ ಸೆರಗಿಗೆ ಒರೆಸಿ ಒಂದನ್ನು ಎತ್ತಿ ನೋಡಿದಳು.

"ಮತ್ತೆ ಅರ್ಜಿ ಬರೀತ್ಯಾ ಅಣ್ಣಾ? ಯಾರ್ದು?"

"ನಂದೇ" ಎಂದೆ.

"ನಿಂದಾ? ಯಾರಿಗೆ ಕೊಡೂದು?"

ಮುಗಿದ ಮೇಲೆ ಹೇಳುತ್ತೇನೆ ಎಂದೆ. ಮುಗಿದ ಮೇಲೆ ಓದಿ ಹೇಳು ಎಂದು, ಹಾಳೆಯನ್ನು ಇದ್ದಲ್ಲೇ ಇಟ್ಟು, ಹಾರದಂತೆ ತೂಕದ ಕಲ್ಲು ಇಟ್ಟು ಹೋದಳು.

ನಾಳೆ ಎಂಟಕ್ಕೆ ಬರುತ್ತಾಳೆ. ಮೊದಲಿನಿಂದ ಓದಬೇಕು, ನಡುವೆ ಬಿಟ್ಟರೆ ಅವಳಿಗೆ ತಿಳಿಯುತ್ತದೆ. ಯಾರು ಹೇಳಿದ್ದು ಎಂಬುದನ್ನು ಹೇಳಬಾರದೆಂಬ ನಿಯಮವನ್ನು ಇದರಲ್ಲಿ ಉದ್ದಕ್ಕೂ ಇಟ್ಟುಕೊಂಡಿದ್ದೇನೆ. ಒಬ್ಬನ ಮಟ್ಟಿಗೆ ಬಿಡುತ್ತೇನೆ. ಪೇಪರಿನವನಿಗೆ ಹೇಳಿದವನು ನಾನು, ಜಗಲಿಯಲ್ಲಿ ಇರಬಹುದು ಎಂದವನೂ ನಾನು. ಸಾಹೇಬರ ಕ್ಷಮೆ ಕೇಳಿದೆ, ಅಜ್ಜನ ಕ್ಷಮೆ ಕೇಳಿದೆ, ಹೆಂಡತಿಯ ಕ್ಷಮೆ ಕೇಳಿದೆ. ಇಷ್ಟು ವರ್ಷ ಕೇಳದೆ ಉಳಿದದ್ದು ಒಬ್ಬಳನ್ನೇ. ನನ್ನ ಹೆಸರನ್ನು ಕನಸಿನಲ್ಲಿ ಬಚ್ಚಿಟ್ಟು, ಇವತ್ತಿಗೂ ನನಗೆ ಮುಳ್ಳು ಕಡಿಮೆ ಇರುವ ಮೀನನ್ನೇ ಆರಿಸಿಕೊಡುವ ಈ ಮೀನಿನ ತಂಗಿಯನ್ನು.